ಬೀದಿಯ ಹೆಸರಲ್ಲಿದ್ದ ನಾಲ್ಕು ಮೂಟೆ ನೂಲು

ಗೋಪಾಲಸಾಮಿ ಅಣ್ಣನ ಮಡದಿ ಪೆರಿಯನಾಯಕಿ ಅಕ್ಕನವರಿಗೆ, ಮಗಳು ಇಲಕ್ಕಿಯಾಗೆ, ನಮ್ಮ ಆಫೀಸಿನ ಯಜಮಾನರಾದ ನಟರಾಜನ್ ಅವರಿಗೆ, ಕರುಮತ್ತಂಪಟ್ಟಿಯ ಮಗ್ಗದ ಮನೆಗಳಿಂದ ಬಂದಿರುವ ಎಲ್ಲರಿಗೂ ನಮಸ್ಕಾರ. ನಾನು ಶ್ರೀಹರ್ಷ — ನೂಲಿನ ಆಫೀಸಿನಲ್ಲಿ ಗೋಪಾಲಸಾಮಿ ಅಣ್ಣನ ಪಕ್ಕದ ಮೇಜಿನವನು. ದಾವಣಗೆರೆಯಿಂದ ತಮಿಳುನಾಡಿಗೆ ಬಂದು ಎರಡು ವರ್ಷವಾಯಿತು. ಇಲ್ಲಿ ನೀವೂ ಮನೆಯಲ್ಲಿ ಕನ್ನಡವೇ ಆಡುತ್ತೀರಿ, ಆದರೂ ನನ್ನ ಕನ್ನಡ ಕೇಳಿ ಅಣ್ಣ ನಗುತ್ತಿದ್ದರು. “ತಂಬಿ, ನೀ ಮಾತಾಡ್ತೀಯಾ, ಇಲ್ಲ ರೇಡಿಯೋಲಿ ನ್ಯೂಸ್ ಓದ್ತೀಯಾ?” ಇವತ್ತೂ ಹಾಗೇ ಕೇಳಿಸಬಹುದು. ಸ್ವಲ್ಪ ಸಹಿಸಿಕೊಳ್ಳಿ.

ಈ ಶ್ರದ್ಧಾಂಜಲಿ ಸಭೆಯಲ್ಲಿ ಅಣ್ಣನ ಗುಣಗಾನ ಮಾಡಲು ನನ್ನನ್ನು ಕರೆದಿದ್ದಾರೆ. ಆ ಯೋಗ್ಯತೆ ನನಗಿಲ್ಲ. ನಾನು ಒಂದು ಲೆಕ್ಕ ಒಪ್ಪಿಸಲು ಬಂದಿದ್ದೇನೆ — ಎಲ್ಲರ ಎದುರಿಗೇ ಒಪ್ಪಿಸಬೇಕಾದ ಲೆಕ್ಕ.

ನಿಮ್ಮ ಮನೆಗಳಿಗೆ ಹೋಗುವ ನೂಲಿನ ಲೆಕ್ಕವನ್ನು ಅಣ್ಣ ಕಂಪ್ಯೂಟರಿನಲ್ಲಿ ಬರೀ ಅಕ್ಷರದ ಫೈಲಿನಲ್ಲಿ ಬರೆಯುತ್ತಿದ್ದರು. ಬಣ್ಣ ಇಲ್ಲ, ಚೌಕ ಇಲ್ಲ. ನೂಲು ಎಲ್ಲಿಂದ ಹೊರಟಿತು ಅಂತ ಒಂದು ಸಾಲು, ಎಲ್ಲಿಗೆ ಸೇರಿತು ಅಂತ ಇನ್ನೊಂದು. ಎರಡೂ ಸಮ ಇರಬೇಕು. ನೂಲಿನ ಖಾತೆಯೊಳಗೆ ಬೀದಿಯ ಖಾತೆ, ಬೀದಿಯೊಳಗೆ ಒಂದೊಂದು ಮನೆಯ ಖಾತೆ — ಹೀಗೆ.

ಅವರದೊಂದು ಪದ್ಧತಿ ಇತ್ತು. ಲಾರಿ ಬಂದು ಯಾರದೋ ಜಗಲಿಯಲ್ಲಿ ಮೂಟೆ ಇಳಿಸಿದರೆ, ತೂಕ ಹಾಕುವ ತನಕ ಅದನ್ನು ಯಾವ ಮನೆಯ ಹೆಸರಿಗೂ ಬರೆಯುತ್ತಿರಲಿಲ್ಲ. ಲಾರಿಯ ಚೀಟಿಯಲ್ಲಿದ್ದ ತೂಕವನ್ನು ಬೀದಿಯ ಹೆಸರಿಗೇ ಬರೆಯುತ್ತಿದ್ದರು. “ತೂಗ್ದೆ ಒಬ್ರ ಪೇರ್‌ಗೆ ಹಾಕುದ್ರೆ, ಆಮೇಲೆ ಕಮ್ಮಿ ಬಂದ್ರೆ ಆ ಮನೇಯೋರು ತಾನೆ ಕಳ್ಳ್ರಾಗೋದು?” ಅನ್ನುತ್ತಿದ್ದರು. ನೂಲು ಕಮ್ಮಿ ಬಂದರೆ ಮನೆಯ ಮಾನ ಹೋಗುತ್ತದೆ ಅಂತ ಅವರಿಗೆ ಗೊತ್ತಿತ್ತು. ಅವರೂ ಮಗ್ಗದ ಮನೆಯಲ್ಲೇ ಹುಟ್ಟಿದವರು.

ಹೋದ ತಿಂಗಳು ಸ್ಟಾಕ್ ತಾಳೆ ನೋಡುವ ಕೆಲಸ ನನಗೆ ಬಂತು. ನಾನು ಏನು ಮಾಡಿದೆ? ಮನೆಗಳ ಖಾತೆಗಳನ್ನು ಮಾತ್ರ ಕೂಡಿಸಿದೆ. ಬೀದಿ ಅನ್ನುವುದು ಬರೀ ತಲೆಬರಹ, ಅದರಲ್ಲಿ ಏನಿರುತ್ತೆ ಅಂದುಕೊಂಡೆ. ಆ ಸಾಲಿನ ಪಕ್ಕ ಅಣ್ಣ ಟಿಪ್ಪಣಿ ಬರೆದಿದ್ದರು — ತಮಿಳಿನಲ್ಲಿ. ಆಡುವುದು ಕನ್ನಡವಾದರೂ ಇಲ್ಲಿ ಕಲಿತು ಬರೆಯುವುದು ತಮಿಳೇ. ನನಗೆ ತಮಿಳು ಓದಲು ಬರುವುದಿಲ್ಲ. ಯಾರನ್ನಾದರೂ ಕೇಳಬಹುದಿತ್ತು. ಕೇಳಲಿಲ್ಲ.

ಇನ್ನೂರ ನಲವತ್ತು ಕಿಲೋ ಕಮ್ಮಿ ಬಂತು. ಆ ಸೋಮವಾರ ಮೀಟಿಂಗಿನಲ್ಲಿ, ನಿಮ್ಮಲ್ಲಿ ಮುಕ್ಕಾಲು ಪಾಲು ಜನ ಇದ್ದಾಗ, ನಾನು ಹೇಳಿದೆ — ಲೆಕ್ಕ ಬರೆದವರೇ ಉತ್ತರ ಕೊಡಬೇಕು ಅಂತ.

ಅಣ್ಣ ಕೂಗಾಡಲಿಲ್ಲ. “ತೆರುವಿನ ಪೇರಲ್ಲಿ ಇರೋದ್ನ ಸೇರ್ಸಿದ್ಯಾ ತಂಬಿ? ಮೂಟೆ ಅಲ್ಲೇ—” ಅಂದರು. ಬೀದಿಯ ಖಾತೆಯನ್ನೇ ಕೇಳುತ್ತಿದ್ದರು. ನಾನು ಮಾತು ಮುಗಿಸಲು ಬಿಡಲಿಲ್ಲ. ಹೀಗೆ — ಪಟ್ಟಂತ — ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ. ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರಿ ಅಂತ ಯಜಮಾನರು ಅಣ್ಣನಿಗೆ ಹೇಳಿದರು. ಅದೇ ವಾರ ಗುರುವಾರ ಅಣ್ಣ ತೀರಿಕೊಂಡರು. ಎದೆನೋವು ಮೊದಲಿಂದಲೂ ಇತ್ತು ಅಂತ ಡಾಕ್ಟರ್ ಅಂದರು. ಆ ಮಾತಿನ ಹಿಂದೆ ನಾನು ಅಡಗಿಕೊಳ್ಳುವುದಿಲ್ಲ.

ಅವರು ಹೋದ ಆರನೇ ದಿನ ಅದೇ ಬೀದಿಯ ಮಗ್ಗದ ಮನೆಯ ಚಂದ್ರಮ್ಮ ಫೋನ್ ಮಾಡಿದರು. “ಕೆಟ್ಟೋಗಿದ್ದ ತಕ್ಕಡಿ ರಿಪೇರಿಯಾಗಿ ಬಂತು ಸಾರ್. ನಮ್ ಜಗಲೀಲಿ ನಾಲ್ಕು ಮೂಟೆ ಹಂಗೇ ಕುಂತದೆ. ಅಣ್ಣ ಇಲ್ಲ, ಯಾರು ಬಂದು ತೂಗ್ತೀರಿ?”

ನಾನೇ ಹೋಗಿ ತೂಗಿದೆ. ಒಂದೊಂದು ಅರವತ್ತು ಕಿಲೋ. ಬೀದಿಯ ಹೆಸರಿನ ಮುಂದೆ ಅಣ್ಣ ಬರೆದಿದ್ದೂ ಅಷ್ಟೇ, ಇನ್ನೂರ ನಲವತ್ತು. ಇಲಕ್ಕಿಯಾ ಆ ಟಿಪ್ಪಣಿ ಓದಿ ಹೇಳಿದಳು — “ಚಂದ್ರಮ್ಮ ಜಗಲಿ, ಇನ್ನೂ ತೂಗಿಲ್ಲ.”

ಅಕ್ಕಾ, ಅಣ್ಣನ ಲೆಕ್ಕದಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ತಪ್ಪು ನನ್ನದು. ಇದನ್ನು ಅವರು ಬದುಕಿದ್ದಾಗ ಹೇಳಬೇಕಿತ್ತು — ಈಗ ಹೇಳುತ್ತಿದ್ದೇನೆ. ನೀವು ಕ್ಷಮಿಸಬೇಕು ಅಂತ ಕೇಳುವ ಧೈರ್ಯ ನನಗಿಲ್ಲ. ಆದರೆ ಮೀಟಿಂಗಿನಲ್ಲಿ ಕೇಳಿದ್ದನ್ನು ಮನೆಗೆ ಹೋಗಿ ಹೇಳಿದವರು ಯಾರಿದ್ದೀರೋ, ಇದನ್ನೂ ಹೋಗಿ ಹೇಳಿ.

ಇನ್ನೊಂದು ಮಾತು. ಆ ಸೋಮವಾರ ನಾವೆಲ್ಲ ಕುರ್ಚಿಯಲ್ಲಿ ಕೂತಿದ್ದೆವು. ಅರವತ್ತೊಂದು ವರ್ಷದ ಮನುಷ್ಯ ಇಪ್ಪತ್ತು ನಿಮಿಷ ನಮ್ಮ ಮುಂದೆ ನಿಂತೇ ಇದ್ದರು. ಕೂತ್ಕೊಳ್ಳಿ ಅಂತ ಯಾರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ದಯವಿಟ್ಟು ಈಗ ಎಲ್ಲರೂ ಏಳಿ. ಅಕ್ಕಾ, ನೀವು ಕೂತಿರಿ. ನಾವು ಮಾತಾಡದೆ ನಿಲ್ಲೋಣ — ಎರಡು ನಿಮಿಷ ಅಲ್ಲ, ಇಪ್ಪತ್ತು.