ಬಿದ್ದರೂ ತಾಳ ತಪ್ಪಲಿಲ್ಲ

…ಅಲ್ಲ ಟೀಚರ್, ಸುಳ್ಳು ಹೇಳಿ ಅಂತ ನಾನೆಲ್ಲಿ ಹೇಳಿದೆ? ಈಗ ರಾದೊಸ್ಲಾವ್ ಬರ್ತಾನೆ, ಈ ರಂಗಮಂದಿರದ ನಿರ್ದೇಶಕ. ಕೇಳೋದು ಒಂದೇ ಪ್ರಶ್ನೆ: "ನಿಮ್ಮ ಶಿಷ್ಯೆ ಶಾರ್ವರಿ ರಂಗಕ್ಕೆ ಬರ್ತಿದ್ದ ಹಾಗೇ ನೆಲಕ್ಕೆ ಬಿದ್ದಳಲ್ಲ, ಅದು ನಿಮ್ಮ ನೃತ್ಯ ಪರಂಪರೇಲಿ ಇದೆಯಾ?" ನೀವು ಇಲ್ಲ ಅಂತ ತಲೆ ಅಡ್ಡಡ್ಡ ಆಡಿಸಿ, ಸಾಕು. ಈ ಬಲ್ಗೇರಿಯಾದಲ್ಲಿ ಅಡ್ಡ ಆಡಿಸಿದ್ರೆ ಹೌದು ಅಂತ. ನೀವು ಸತ್ಯ ಹೇಳಿದ ಹಾಗೂ ಆಯ್ತು, ನನ್ನ ಕೆಲಸ ಆದ ಹಾಗೂ ಆಯ್ತು.

ಹಾಗೆ ಕಣ್ಣು ಬಿಡಬೇಡಿ. ಮೈಸೂರಿಂದ ನಿನ್ನೆ ಬಂದೋರು ನೀವು, ನನ್ನ ಪಾಡು ನಿಮಗೇನು ಗೊತ್ತು? ಈ ಪ್ಲೊವ್ಡಿವ್ ಊರಲ್ಲಿ ಏಳು ವರ್ಷ ಮದುವೆ ಮನೇಲಿ ಸಿನಿಮಾ ಹಾಡಿಗೆ ಜನಾನ ಕುಣಿಸಿದೀನಿ. ಮದುಮಗನ ಅಜ್ಜಂಗೆ ಭರತನಾಟ್ಯದ ಅರಮಂಡಿ ಹೇಳ್ಕೊಟ್ಟೆ, ಕೂತೋನು ಏಳಲೇ ಇಲ್ಲ. ಈಗ ಮೊದಲ ಸಲ ನನ್ನದೇ ನೃತ್ಯ, ನನ್ನದೇ ತಂಡ. ಅವನು ಒಪ್ಪಿದ್ರೆ ವರ್ಷವಿಡೀ ಪ್ರದರ್ಶನ. ಇಲ್ಲಾಂದ್ರೆ ಮತ್ತೆ ಅಜ್ಜಂದಿರು.

ಹೋದ ವಾರ ಮೊದಲ ಪ್ರದರ್ಶನದಲ್ಲಿ ನಾನು ಬಿದ್ದದ್ದನ್ನ ಪೇಪರ್‌ನೋರು ಏನಂತ ಬರೆದ್ರು ಗೊತ್ತಾ? "ಮಗಳು ಭೂಮಿಗೆ ಮರಳುವ ಕ್ಷಣ" ಅಂತ. ಹೂಂ, ಬೇಕೂಂತಲೇ ಬಿದ್ದಿದ್ದು. ತಿಂಗಳುಗಟ್ಟಲೆ ಯೋಚಿಸಿ… ಕಾಲು ಯಾಕೆ ನೋಡ್ತೀರಿ? ಆ ಪಟ್ಟಿ… ಅದು ಚಳಿಗೆ. ಒಂದೇ ಕಾಲಿಗೆ ಚಳಿ ಆಗಬಾರದಾ?

ಬೈದುಬಿಡಿ ಟೀಚರ್. ಅಯ್ಯೋ, ಪಟ್ಟಿ ಬಿಚ್ಚಬೇಡಿ, ನೋಯತ್ತೆ…

ಸರಿ. ಜಾರಿದೆ. ನಮ್ಮ ಮನೆ ಓನರ್ ಸ್ತೊಯಾಂಕಾ ಇದಾಳಲ್ಲ… ಒಳ್ಳೇ ಕೆಲಸಕ್ಕೆ ಹೊರಟೋರ ಮುಂದೆ ಇಲ್ಲಿ ನೀರು ಚೆಲ್ತಾರೆ, ಕೆಲಸ ನೀರಿನ ಹಾಗೆ ಸರಾಗವಾಗಿ ಹರೀಲಿ ಅಂತ. ರಂಗದ ಬಾಗಿಲಲ್ಲೇ ಒಂದು ಚೊಂಬು ಚೆಲ್ಲಿದ್ಲು. ನಂದು ಬರಿಗಾಲು. ಸರಾಗವಾಗಿ ಹರಿದದ್ದು ನಾನೇ. ಆದ್ರೆ ಕೈ ತಾಳ ಬಿಡಲಿಲ್ಲ ಟೀಚರ್, ಬಿದ್ದಲ್ಲೇ ನೆಲ ತಟ್ಟಿಕೊಂಡು ಎದ್ದೆ. ನೀವು ಕಲಿಸಿದ್ದಲ್ವಾ ಅದು? ಅದಕ್ಕೇ ಅವನಿಗೆ, ಬೀಳೋದನ್ನೂ ನಮ್ಮ ಟೀಚರೇ ಕಲಿಸಿದ್ದು ಅಂದುಬಿಟ್ಟೆ.

ಎಲ್ಲಿಗೆ ಎದ್ರಿ? ಅವನಿಗೆ ಎಲ್ಲಾ ಹೇಳಿಬಿಡ್ತೀರಾ? ಹೋಗಿ, ಹೇಳಿ. ನನ್ನ ಹಣೇಬರಹ… ಟೀಚರ್, ನಿಲ್ಲಿ. ಸ್ತೊಯಾಂಕಾ ಚೊಂಬು ಹಿಡ್ಕೊಂಡು ಬಾಗಿಲಲ್ಲೇ…

ಅಯ್ಯಯ್ಯೋ. ಪೆಟ್ಟಾಯ್ತಾ? ಮಾತಾಡಿ. ಕೈ ಯಾಕೆ ಹಾಗೆ… ತಾಳ ಹಾಕ್ತಿದೀರಾ? ಬಿದ್ದಲ್ಲೇ?

ಟೀಚರ್, ತಲೆ ಎತ್ತಿ. ರಾದೊಸ್ಲಾವ್ ಎದುರಿಗೇ ನಿಂತಿದಾನೆ. ಚಪ್ಪಾಳೆ ತಟ್ತಿದಾನೆ. ಇದೇನಾ ನಿಮ್ಮ ಪರಂಪರೆ ಅಂತ ಕೇಳ್ತಿದಾನೆ.

ಹಾಂ… ಹಾಗೇ, ಅಡ್ಡಡ್ಡ. ಇನ್ನೂ ಜೋರಾಗಿ ಇಲ್ಲ ಅನ್ನಿ ಟೀಚರ್.