ನಿಂತಲ್ಲೇ ತುಳಿದ ಹನ್ನೊಂದು ವರ್ಷ

ಎಲ್ಲರಿಗೂ ನಮಸ್ಕಾರ. ಅತ್ತಿಗೆ, ಅವರ ಮಗಳು, ಮನೆಯ ಹಿರಿಯರು ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಮೊದಲು ಅವರಿಗೆ ಕೈಮುಗಿಯುತ್ತೇನೆ. ನಮ್ಮ ಕಂಪನಿಯ ವ್ಯವಸ್ಥಾಪಕರೇ, ಲಿಫ್ಟ್ ವಿಭಾಗದ ಗೆಳೆಯರೇ, ಬೇರೆ ಬೇರೆ ಕಟ್ಟಡಗಳಿಂದ ಬಂದಿರುವ ಕಾವಲುಗಾರರೇ, ಅಲ್ಲಿನ ನಿವಾಸಿಗಳೇ — ಇಷ್ಟು ಜನ ಬರುತ್ತೀರಿ ಎಂದು ನಾವು ಅಂದುಕೊಂಡಿರಲಿಲ್ಲ. ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತವರು ದಯವಿಟ್ಟು ಕ್ಷಮಿಸಬೇಕು.

ನನಗೆ ಭಾಷಣ ಮಾಡಿ ರೂಢಿಯಿಲ್ಲ. ನಾನು ಲಿಫ್ಟ್ ರಿಪೇರಿ ಮಾಡುವವನು. ನಮ್ಮನ್ನು ಬಿಟ್ಟು ಹೋದ ಅವರ ಜೊತೆ ಹತ್ತೊಂಬತ್ತು ವರ್ಷ ಒಂದೇ ವ್ಯಾನಿನಲ್ಲಿ ಓಡಾಡಿದ್ದೇನೆ. ಅವರು ನನಗಿಂತ ಆರು ವರ್ಷ ದೊಡ್ಡವರು. ಮೊದಲ ದಿನದಿಂದ ಅಣ್ಣ ಅಂತಲೇ ಕರೆದು ಅಭ್ಯಾಸ. ಇವತ್ತೂ ಹಾಗೇ ಕರೆಯುತ್ತೇನೆ.

ಈಗ ಒಳಗೆ ಬರುವಾಗ ಬಾಗಿಲ ಹತ್ತಿರ ಇಬ್ಬರು ಮಾತಾಡಿಕೊಳ್ಳುತ್ತಿದ್ದರು. ಒಬ್ಬರು ಹೇಳಿದರು, "ಅಲ್ಲಾ, ದಿನಾ ಸೈಕಲ್ ತುಳೀತಿದ್ದೋರಿಗೇ ಹೀಗಾದ್ರೆ ನಮ್ಮಂಥೋರ ಗತಿ ಏನು?" ಇನ್ನೊಬ್ಬರು, "ಅದಕ್ಕೇ ನೋಡಿ, ನಾನು ಏನೂ ಮಾಡೋಕೇ ಹೋಗಲ್ಲ." ಅವರು ಯಾರು ಅಂತ ನಾನು ತಿರುಗಿ ನೋಡಲಿಲ್ಲ — ಗಾಬರಿಯಾಗಬೇಡಿ. ಆಸ್ಪತ್ರೆಯ ವರಾಂಡದಲ್ಲಿ ಕೂತಾಗ ಇದೇ ಮಾತು ನನ್ನ ತಲೆಗೂ ಬಂದಿತ್ತು. ಐವತ್ತೇಳು ಹೋಗುವ ವಯಸ್ಸೇ? ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ನಿಮ್ಮಲ್ಲಿ ಬಹಳ ಜನರಿಗೆ ಅವರು 'ಏಳನೇ ಮಹಡಿ' ಎಂದೇ ಪರಿಚಯ. ಆಫೀಸಿನಲ್ಲಿ ಫೋನ್ ಎತ್ತುವವರು ಕೂಡ, "ಏಳನೇ ಮಹಡಿಯವರನ್ನ ಕಳಿಸ್ತೀವಿ" ಅನ್ನುತ್ತಿದ್ದರು. ಮಗಳೇ, ನೀನು ಒಮ್ಮೆ ನನ್ನನ್ನು ಕೇಳಿದ್ದೆ — "ಚಿಕ್ಕಪ್ಪ, ಅಪ್ಪಂಗೆ ಯಾಕೆ ಹಾಗಂತಾರೆ?" ನಾನು ಏನೋ ಹೇಳಿ ಮಾತು ತೇಲಿಸಿಬಿಟ್ಟೆ. ಇವತ್ತು ಎಲ್ಲರ ಮುಂದೆ ಹೇಳುತ್ತೇನೆ. ಆ ಹೆಸರಿಟ್ಟವನು ನಾನು. ಪ್ರೀತಿಯಿಂದ ಇಟ್ಟದ್ದಲ್ಲ.

ಲಿಫ್ಟ್ ಎಳೆಯುವ ಮೋಟಾರು ಇರುವುದು ಕಟ್ಟಡದ ತುದಿಯ ಕೋಣೆಯಲ್ಲಿ. ಲಿಫ್ಟ್ ಕೆಟ್ಟಿದೆ ಬನ್ನಿ ಎಂದು ಜನ ನಮ್ಮನ್ನು ಕರೆಯುತ್ತಾರೆ — ಕೆಟ್ಟಿದೆಯಲ್ಲ, ಹಾಗಾಗಿ ನಾವು ಮೇಲೆ ಹೋಗುವುದು ಮೆಟ್ಟಿಲು ಹತ್ತಿಕೊಂಡೇ. ಹೆಗಲಲ್ಲಿ ಹದಿನಾಲ್ಕು ಕಿಲೋ ಸಾಮಾನಿನ ಚೀಲ. ಅವತ್ತು ಹನ್ನೊಂದು ಮಹಡಿಯ ಹಳೆಯ ಕಟ್ಟಡ. ಒಂಬತ್ತು ಮತ್ತು ಹತ್ತರ ನಡುವೆ ಲಿಫ್ಟ್ ನಿಂತಿದೆ, ಒಳಗೆ ಒಬ್ಬ ಹೆಂಗಸು. ಅಣ್ಣ ಚೀಲ ಹಾಕಿಕೊಂಡು ಮುಂದೆ ಹೋದರು, ನಾನು ವ್ಯಾನ್ ನಿಲ್ಲಿಸಿ ಹಿಂದೆ ಹೋದೆ. ನೋಡಿದರೆ — ಏಳನೇ ಮಹಡಿಯ ಮೆಟ್ಟಿಲ ಮೇಲೆ ಕೂತಿದ್ದಾರೆ. ಚೀಲ ತೊಡೆಯ ಮೇಲೆ. ಕಂಬಿ ಹಿಡಿದಿದ್ದಾರೆ. ತುಟಿ ಬೆಳ್ಳಗಾಗಿದೆ. ಆ ಮಹಡಿಯ ಯಾರೋ ಅಜ್ಜಿ ನೀರಿನ ಲೋಟ ಹಿಡಿದು ನಿಂತಿದ್ದಾರೆ. ಮೇಲೆ ಆ ಹೆಂಗಸು ಬಾಗಿಲು ಬಡಿಯುವ ಸದ್ದು.

"ನೀನ್ ಹೋಗೋ ತಮ್ಮಾ. ನನ್ ಕೈಲಾಗಲ್ಲ" ಅಂದರು.

ನಾನು ಹೋದೆ. ಕಾವಲುಗಾರನನ್ನು ಜೊತೆಗಿಟ್ಟುಕೊಂಡು, ಕರೆಂಟು ತೆಗೆದು, ಬ್ರೇಕ್ ಸಡಿಲಿಸಿ, ಚಕ್ರವನ್ನು ಕೈಯಲ್ಲಿ ತಿರುಗಿಸಿ ಲಿಫ್ಟನ್ನು ಮಹಡಿಗೆ ತಂದೆ. ಐವತ್ತು ನಿಮಿಷವಾಯಿತು. ಹೊರಗೆ ಬಂದ ಆ ಹೆಂಗಸು ಇನ್ನು ಲಿಫ್ಟಿನ ಸಹವಾಸವೇ ಬೇಡ ಎಂದು ಮೆಟ್ಟಿಲಿಳಿದು ಬಂದರು. ಏಳನೇ ಮಹಡಿಯಲ್ಲಿ ಬೆವೆತು ಕೂತಿದ್ದ ಅಣ್ಣನನ್ನು ನೋಡಿ ಬಹಳ ಕನಿಕರದಿಂದ ಕೇಳಿದರು — "ಅಯ್ಯೋ, ನೀವೂ ಒಳಗೇ ಸಿಕ್ಕಾಕೊಂಡಿದ್ರಾ?"

ನಗಿ, ನಗಿ, ಪರವಾಗಿಲ್ಲ. ಮರುದಿನ ಇಡೀ ಆಫೀಸು ನಕ್ಕಿತು. ನಗಿಸಿದವನು ನಾನೇ. ಅವರು ಒಳಗೆ ಬರುತ್ತಿದ್ದ ಹಾಗೆ, "ದಾರಿ ಬಿಡ್ರಪ್ಪಾ, ಏಳನೇ ಮಹಡಿ ಬಂತು" ಎಂದು ಕೂಗಿದೆ. ಅಣ್ಣನೂ ನಕ್ಕರು. ನಕ್ಕು, ಹಾಜರಿ ಹಾಕಿ, ರಜೆ ಬರೆದುಕೊಟ್ಟು ಡಾಕ್ಟರ ಹತ್ತಿರ ಹೋದರು. ಆಗ ಅವರಿಗೆ ನಲವತ್ತಾರು ವರ್ಷ, ತೂಕ ತೊಂಬತ್ತನಾಲ್ಕು ಕಿಲೋ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, "ನಿಮ್ಮ ಹೃದಯದಲ್ಲಿ ದೋಷ ಏನಿಲ್ಲ. ನೀವು ಅದಕ್ಕೆ ಕೆಲಸ ಕೊಟ್ಟಿಲ್ಲ ಅಷ್ಟೆ" ಎಂದರಂತೆ.

ಓಡೋಣವೆಂದರೆ ಮೊಣಕಾಲು ನೋವು. ಸೈಕಲ್ ಹತ್ತಿ ಊರಾಚೆ ಹೋಗೋಣವೆಂದರೆ ನಮ್ಮ ಕೆಲಸ ನಿಮಗೆ ಗೊತ್ತು — ಫೋನ್ ಬಂದ ಅರ್ಧ ಗಂಟೆಯಲ್ಲಿ ಅಲ್ಲಿರಬೇಕು. ಹಾಗಾಗಿ ಮನೆಯಲ್ಲೇ. ಮಗಳು ಎರಡು ತಿಂಗಳು ಓಡಿಸಿ ಮೂಲೆಗೆ ಹಾಕಿದ್ದ ಸೈಕಲ್ ಇತ್ತು. ಅಣ್ಣ ನಮ್ಮ ಗುಜರಿಯಿಂದ ಕಬ್ಬಿಣದ ಪಟ್ಟಿ, ಹಳೆಯ ಬೇರಿಂಗು ಆರಿಸಿ ತಂದು, ತಾವೇ ಬೆಸುಗೆ ಹಾಕಿ ಒಂದು ಸ್ಟ್ಯಾಂಡ್ ಮಾಡಿದರು. ಹಿಂದಿನ ಚಕ್ರ ಒಂದು ಉರುಳೆಯ ಮೇಲೆ ಒತ್ತಿಕೊಂಡು ತಿರುಗುತ್ತದೆ, ಸೈಕಲ್ ನಿಂತಲ್ಲೇ ಇರುತ್ತದೆ. ಅದನ್ನು ಬಟ್ಟೆ ಒಗೆಯುವ ಜಾಗದಲ್ಲಿ, ವಾಷಿಂಗ್ ಮೆಷಿನ್ನಿಗೂ ಗೋಡೆಗೂ ನಡುವೆ ಇಟ್ಟರು.

ಮೊದಲ ದಿನ ಎಷ್ಟು ಹೊತ್ತು ತುಳಿದರು ಗೊತ್ತೆ? ಎಂಟು ನಿಮಿಷ. ಎಂಟೇ. ಇಳಿದವರು ವಾಷಿಂಗ್ ಮೆಷಿನ್ ಹಿಡಿದು ನಿಂತರಂತೆ. ಮೆಷಿನ್ ಓಡುತ್ತಿತ್ತು. ಅದೂ ನಡುಗುತ್ತಿದೆ, ಇವರೂ ನಡುಗುತ್ತಿದ್ದಾರೆ, ಯಾರು ಯಾರನ್ನು ನಡುಗಿಸುತ್ತಿದ್ದಾರೆ ಅಂತಲೇ ಗೊತ್ತಾಗಲಿಲ್ಲ — ಇದು ಅತ್ತಿಗೆ ಹೇಳಿದ್ದು.

ದಿನಾ ಬೆಳಗ್ಗೆ ಅವರನ್ನು ಕರೆದುಕೊಂಡು ಹೋಗಲು ವ್ಯಾನ್ ತರುತ್ತಿದ್ದವನು ನಾನು. ಹಾರ್ನ್ ಹೊಡೆದರೆ ಒಳಗಿನಿಂದ, "ಇನ್ನು ನಾಲ್ಕೇ ನಿಮಿಷ!" ಎಂಬ ಕೂಗು. ಹೋಗಿ ನೋಡಿದರೆ ಆರಾಮಾಗಿ ತುಳಿಯುತ್ತಾ ಕೂತಿರುತ್ತಿದ್ದರು. "ಏನಣ್ಣ, ಇಷ್ಟು ನಿಧಾನ ತಿರುಗಿಸಿದ್ರೆ ಏನ್ ಬಂತು?" ಎಂದರೆ, "ತುಳೀತಾ ತುಳೀತಾ ನಿನ್ ಜೊತೆ ಮಾತಾಡೋಕಾಗ್ಬೇಕು. ಮಾತು ನಿಂತ್ರೆ ಜೋರಾಯ್ತು ಅಂತ ಲೆಕ್ಕ" ಅನ್ನುತ್ತಿದ್ದರು. ವಾರಕ್ಕೆ ನಾಲ್ಕು ದಿನ ಹೀಗೆ ಮಾತಾಡುವ ವೇಗ. ಒಂದು ದಿನ ಮಾತ್ರ ಜೋರು — ನಾಲ್ಕು ನಿಮಿಷ ಏದುಸಿರು ಬರುವಂತೆ, ಮೂರು ನಿಮಿಷ ಸುಮ್ಮನೆ. ಹೀಗೆ ನಾಲ್ಕು ಸಲ. ಎರಡು ದಿನ ರಜೆ.

ಒಂದು ದಿನ ನಾನು, "ಇಳೀರಿ, ನಾನ್ ತೋರಿಸ್ತೀನಿ" ಎಂದು ಹತ್ತಿದೆ. ಆಗ ನನಗೆ ನಲವತ್ತು, ಕೊಬ್ಬು ಬೇರೆ. ಆರು ನಿಮಿಷ ಗಾಣದೆತ್ತಿನ ಮೇಲೆ ದೆವ್ವ ಬಂದ ಹಾಗೆ ತುಳಿದೆ. ಇಳಿದಾಗ ಕಾಲು ನನ್ನದಾಗಿರಲಿಲ್ಲ. ಅವತ್ತು ವ್ಯಾನ್ ಓಡಿಸಿದವರು ಅಣ್ಣ. ದಾರಿಯುದ್ದಕ್ಕೂ ಒಂದೇ ಮಾತು — "ನಾಳೆ ಬಾ. ಹತ್ತೇ ನಿಮಿಷ, ನಿಧಾನವಾಗಿ." ನಾನು ಹೋಗಲಿಲ್ಲ.

ಮೂರು ತಿಂಗಳಾದರೂ ಇಳಿದದ್ದು ಒಂದೂವರೆ ಕಿಲೋ. "ಬಿಟ್ಬಿಡಿ ಅಣ್ಣ, ನಮ್ ವಯಸ್ಸಿಗೆ ಇದೆಲ್ಲಾ ಆಗೋದಲ್ಲ" ಎಂದೆ. ಅವರು, "ತೂಕ ಇಳಿದಿಲ್ಲ, ಸರಿ. ಆದ್ರೆ ನಿನ್ನೆ ನಾನು ನಾಲ್ಕನೇ ಮಹಡೀಲಿ ನಿಲ್ಲಲಿಲ್ಲ. ನೀನ್ ನೋಡಲಿಲ್ವಾ?" ಎಂದರು. ನಾನು ನೋಡಿರಲಿಲ್ಲ. ಅವರು ನಿಂತಾಗ ನೋಡಿ ನಗುವುದಷ್ಟೇ ನನಗೆ ಅಭ್ಯಾಸವಾಗಿತ್ತು.

ಅವರೇನು ಹಠಯೋಗಿಯಲ್ಲ. ಮಧ್ಯೆ ಬಿಟ್ಟದ್ದೂ ಉಂಟು. ಒಮ್ಮೆ ಜ್ವರ ಬಂದು ಮೂರು ವಾರ. ಒಮ್ಮೆ ಅವರ ತಾಯಿ ಹಾಸಿಗೆ ಹಿಡಿದಾಗ ಎರಡು ತಿಂಗಳು. ಇನ್ನೊಮ್ಮೆ ಕಾರಣವೇ ಇಲ್ಲ — "ಬೇಜಾರಾಯ್ತು ಕಣೋ" ಅಂದರು, ಅಷ್ಟೆ. ಆದರೆ ಮೂರು ಸಲ ಬಿಟ್ಟವರು ನಾಲ್ಕು ಸಲ ಶುರು ಮಾಡಿದರು. ಬಿಡುವಾಗ ನಲವತ್ತು ನಿಮಿಷದಲ್ಲಿದ್ದರೂ ಮತ್ತೆ ಹತ್ತರಿಂದ. ಅದಕ್ಕೆ ಅವರಿಗೆ ನಾಚಿಕೆಯಿರಲಿಲ್ಲ. ನಾನು ಅವರಲ್ಲಿ ಕಂಡ ದೊಡ್ಡ ಗುಣ ಇದೇ.

ಒಂದೂವರೆ ವರ್ಷ ಆಗಿರಬೇಕು. ಹದಿನಾಲ್ಕು ಮಹಡಿಯ ಕಟ್ಟಡದಿಂದ ಕರೆ. ಒಳಗೆ ಉಬ್ಬಸವಿರುವ ಹಿರಿಯರೊಬ್ಬರು, ಅವರ ಔಷಧಿ ಮನೆಯಲ್ಲೇ ಉಳಿದಿದೆ. ಅವತ್ತು ಚೀಲ ನನ್ನ ಹೆಗಲಲ್ಲಿತ್ತು. ಒಂಬತ್ತನೇ ಮಹಡಿಯಲ್ಲಿ — ನಾನು ನಿಂತೆ. ಕಣ್ಣು ಕತ್ತಲೆ ಬಂತು. ಅಣ್ಣ ಎರಡು ಮಹಡಿ ಮೇಲಿದ್ದರು. ಇಳಿದು ಬಂದರು, ನನ್ನ ಹೆಗಲಿಂದ ಚೀಲ ತೆಗೆದುಕೊಂಡರು, ಮತ್ತೆ ಹತ್ತಿದರು. ಅಣಕದ ಒಂದು ಮಾತೂ — ಒಂದೇ ಒಂದು ಮಾತೂ — ಆಡಲಿಲ್ಲ. ಹನ್ನೆರಡು ನಿಮಿಷದಲ್ಲಿ ಆ ಹಿರಿಯರು ಹೊರಗೆ ಬಂದರು. ಅವರು ಇವತ್ತು ಇಲ್ಲಿಗೆ ಬಂದಿದ್ದಾರೆ. ಮೂರನೇ ಸಾಲಿನಲ್ಲಿ, ಕೊನೆಯ ಕುರ್ಚಿ. ನಮಸ್ಕಾರ ಸರ್.

ವಾಪಸ್ ಬರುವಾಗ ವ್ಯಾನಿನಲ್ಲಿ, "ಅಣ್ಣ, ಆ ಹೆಸರು ನಾನಿಡಬಾರದಿತ್ತು" ಎಂದೆ. ಅವರು ಕಿಟಕಿಯಾಚೆ ನೋಡುತ್ತಾ, "ಇರ್ಲಿ ಬಿಡೋ. ಹೆಸರಿಟ್ಟಿದ್ದು ನೀನು, ಅಲ್ಲಿ ಕೂತಿದ್ದು ನಾನೇ ತಾನೆ?" ಎಂದರು. ಮರುದಿನ ಬೆಳಗ್ಗೆ ನಾನು ಅರ್ಧ ಗಂಟೆ ಮುಂಚೆ ಹೋದೆ. ಹತ್ತು ನಿಮಿಷ ತುಳಿದೆ. ನಿಧಾನವಾಗಿ.

ನಲವತ್ತೊಂಬತ್ತರಲ್ಲಿ ಅವರು ಮೊದಲ ಸಲ ಸೈಕಲ್ಲನ್ನು ಸ್ಟ್ಯಾಂಡಿನಿಂದ ಬಿಚ್ಚಿ ರಸ್ತೆಗೆ ತಂದರು. ರಜೆಯ ದಿನ, ಗುಡ್ಡದ ಮೇಲಿನ ನೀರಿನ ಟ್ಯಾಂಕಿನವರೆಗೆ, ಹೋಗಿ ಬರಲು ಮೂವತ್ತೆಂಟು ಕಿಲೋಮೀಟರ್. ಎಲ್ಲೂ ಇಳಿಯಲಿಲ್ಲವಂತೆ. ಹೇಗಿತ್ತು ಎಂದು ಕೇಳಿದೆ. "ಚೆನ್ನಾಗಿತ್ತು. ಆದ್ರೆ ಗಾಳಿ ಎದುರಿಗೆ ಬರುತ್ತೆ ಕಣೋ, ಮನೇಲಿ ಇದೊಂದು ಕಾಟ ಇರ್ಲಿಲ್ಲ" ಎಂದರು. ಆಮೇಲೆ ತಿಂಗಳಿಗೊಮ್ಮೆ ಗುಡ್ಡ, ಮಿಕ್ಕ ದಿನವೆಲ್ಲ ವಾಷಿಂಗ್ ಮೆಷಿನ್ ಪಕ್ಕ.

ಹೋದ ವರ್ಷ ಹೊಟ್ಟೆನೋವು ಎಂದು ಹೋದವರಿಗೆ ಮೇದೋಜೀರಕ ಗ್ರಂಥಿಯಲ್ಲಿ ಕ್ಯಾನ್ಸರ್ ಗಡ್ಡೆ ಎಂದರು. ಅದಕ್ಕೂ ಸೈಕಲ್ಲಿಗೂ ಸಂಬಂಧವಿಲ್ಲ. ತುಳಿದದ್ದರಿಂದ ಬಂದದ್ದಲ್ಲ, ತುಳಿದದ್ದರಿಂದ ತಪ್ಪಲೂ ಇಲ್ಲ. ನಾಲ್ಕು ತಿಂಗಳು, ಹೆಚ್ಚೆಂದರೆ ಐದು, ಎಂದಿದ್ದರು. ಅಣ್ಣ ಹದಿನಾಲ್ಕು ತಿಂಗಳಿದ್ದರು. ನಾನು ವೈದ್ಯನಲ್ಲ, ಕೇಳಿದ್ದನ್ನು ಹೇಳುತ್ತೇನೆ — "ಇಷ್ಟು ಔಷಧಿ ತಡೆಯೋದು ಕಷ್ಟ. ಇವರ ದೇಹ ತಡೀತಾ ಇದೆ" ಎಂದು ಡಾಕ್ಟರು ನನ್ನೆದುರಿಗೇ ಅತ್ತಿಗೆಗೆ ಹೇಳಿದರು.

ಆ ಹದಿನಾಲ್ಕು ತಿಂಗಳಲ್ಲಿ ಏನಾಯಿತು, ಅದನ್ನೂ ಕೇಳಿ. ಅವರಿಗೆ ಸೈಕಲ್ ಹತ್ತಲು ಆಗದಂತಾಯಿತು. ಒಂದು ದಿನ ಅತ್ತಿಗೆಗೆ, "ಟೈರು ಒಂದೇ ಕಡೆ ಒತ್ತಿ ಹಾಳಾಗುತ್ತೆ. ಹತ್ತಿ ಸುಮ್ನೆ ಒಂದೈದು ನಿಮಿಷ ತಿರುಗಿಸು" ಎಂದರಂತೆ. ಅತ್ತಿಗೆಗೆ ಐವತ್ತಮೂರು ವರ್ಷ, ಜನ್ಮದಲ್ಲಿ ಸೈಕಲ್ ಮುಟ್ಟಿದವರಲ್ಲ. "ಟೈರಿಗೋಸ್ಕರ ನಾನ್ ಹತ್ಬೇಕಾ?" ಎಂದು ರೇಗಿದರಂತೆ. ಹತ್ತಿದರು. ಅವರು ಟೈಲರ್, ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು. ಅಣ್ಣ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೋಡಿ, "ನಿನ್ ಕಾಲು ನನಗಿಂತ ಸಮ ಇದೆಯಲ್ಲೇ!" ಎಂದರು. ಐದು ನಿಮಿಷ ಹತ್ತಾಯಿತು, ಹತ್ತು ಇಪ್ಪತ್ತಾಯಿತು. ದಿನವಿಡೀ ಮಾತ್ರೆ, ಗಂಜಿ, ಹಾಸಿಗೆ ಎಂದು ಓಡಾಡುವ ಹೆಂಗಸಿಗೆ ಅದೊಂದೇ ಹೊತ್ತು ತನ್ನದು ಅನ್ನಿಸುತ್ತಿತ್ತು. ಇದನ್ನೂ ಅವರೇ ಹೇಳಿದ್ದು. ಆರು ತಿಂಗಳಾದ ಮೇಲೆ ಒಂದು ದಿನ ಕೇಳಿದರಂತೆ — "ಅಲ್ಲಾ, ಇದು ಮುಂದಕ್ಕೆ ಹೋಗೋದು ಹೇಗೆ?"

ಮಗಳು ಹಿಂದೆ ಸೀಟು ಹಿಡಿದಳು. ಅಪ್ಪ ಅಂಗಳದಲ್ಲಿ ಶಾಲು ಹೊದ್ದು ಕೂತು, "ಚಕ್ರ ನೋಡ್ಬೇಡ, ಮುಂದೆ ನೋಡು!" ಎಂದು ಕೂಗುತ್ತಿದ್ದರು. ಅತ್ತಿಗೆ ಎರಡು ಸಲ ಬಿದ್ದರು, ಮೊಣಕೈ ತರಚಿತು. ಕಲಿತರು.

ಕೊನೆಯ ವಾರ ಅಣ್ಣ ಆಸ್ಪತ್ರೆಯಲ್ಲಿದ್ದಾಗ ನಾನು ಪಕ್ಕದಲ್ಲಿದ್ದೆ. ಬೆಳಗ್ಗೆ ಎಂಟು ಗಂಟೆ. ಮಂಚದ ತಲೆಭಾಗ ಎತ್ತು ಎಂದು ಸನ್ನೆ ಮಾಡಿದರು. ಎತ್ತಿದೆ. ಕಿಟಕಿಯಿಂದ ರಸ್ತೆ ಕಾಣುತ್ತದೆ. ಅತ್ತಿಗೆ ಸೈಕಲ್ಲಿನಲ್ಲಿ ಬರುತ್ತಿದ್ದರು, ಊಟದ ಡಬ್ಬಿಯ ಚೀಲ ಹ್ಯಾಂಡಲಿಗೆ ನೇತುಹಾಕಿಕೊಂಡು. ಬಸ್ಸೊಂದು ಹಿಂದಿನಿಂದ ಬಂತು, ಅವರು ಗಾಬರಿಯಾಗದೆ ಪಕ್ಕಕ್ಕೆ ಸರಿದು ದಾರಿ ಕೊಟ್ಟರು. ಗೇಟಿನ ಹತ್ತಿರ ಇಳಿದು ಬೀಗ ಹಾಕುವವರೆಗೆ ಅಣ್ಣ ಕಣ್ಣು ಮಿಟುಕಿಸದೆ ನೋಡಿದರು. ಏನೋ ಹೇಳಲು ಬಾಯಿ ತೆರೆದರು. ನಾನು ಬಗ್ಗಿ ಕಿವಿ ಕೊಟ್ಟೆ.

"ಸೊಂಟ ಅಲ್ಲಾಡ್ತಿದೆ. ಸೀಟು ಒಂದ್ ಬೆರಳು ಇಳಿಸ್ಬೇಕು" ಎಂದರು.

ನಾನು ಅವರ ಬಾಯಿಂದ ಕೇಳಿದ ಕೊನೆಯ ಮಾತು ಅದು. ಕೆಳಗೆ ಹೋಗಿ, ಚೀಲದಿಂದ ಪಾನಾ ತೆಗೆದು, ಬೋಲ್ಟ್ ಸಡಿಲಿಸಿ ಸೀಟು ಇಳಿಸಿದೆ. ಒಂದು ಬೆರಳು. ಅಳತೆ ಸರಿಯಿತ್ತು.

ನನ್ನ ಮಾತು ಇಷ್ಟೇ. ಕುಳಿತಿರುವ ಎಲ್ಲರೂ ಈಗ ಎದ್ದು, ಎರಡು ನಿಮಿಷ ಮಾತಿಲ್ಲದೆ, ಅವರನ್ನು ನೆನೆಯಬೇಕೆಂದು ಕೇಳಿಕೊಳ್ಳುತ್ತೇನೆ. ಅತ್ತಿಗೆ, ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದೀರಿ, ನೀವು ಏಳುವುದು ಬೇಡ, ಕೂತೇ ಇರಿ —

ಇಲ್ಲ. ಅವರೇ ಮೊದಲು ಎದ್ದರು.

ನಾವೂ ಏಳೋಣ.