ತಿರುವಿನಲ್ಲಿ ಹನ್ನೆರಡು

ಆಲ್ದೂರಿನಲ್ಲಿ ಬಸ್ಸಿಗೆ ಕಾದಿದ್ದ ಕಾಫಿ ಪ್ಲಾಂಟರ್ ರುದ್ರಪ್ಪನವರ ಪಕ್ಕದಲ್ಲೇ ಕಾಲೇಜು ಓದುವ ಇಬ್ಬರು ಸೈಬರ್ ಸೆಂಟರಿನಲ್ಲಿ ಆಡಿದ ಕಾರ್ ರೇಸ್ ಆಟದ ವಿಷಯಕ್ಕೆ ವಾದಕ್ಕಿಳಿದಿದ್ದರು.

“ಸೋತಿದ್ದು ನಾನಲ್ಲ ಕೃತಿಕಾ, ಕಂಪ್ಯೂಟರು. ತಿರುವಲ್ಲಿ ಚಿತ್ರ ತಡವರಿಸ್ತು.”

“ಸೆಕೆಂಡಿಗೆ ಸರಾಸರಿ ನಲವತ್ತು ಫ್ರೇಮ್ ಚಿತ್ರ ಬಂದಿದೆ ದಿಲೀಪ. ಸಾಕಲ್ವಾ?”

“ಸರಾಸರಿ ಕಟ್ಕೊಂಡು ಏನ್ಮಾಡ್ಲಿ? ತಿರುವಲ್ಲಿ ಹನ್ನೆರಡಕ್ಕೆ ಇಳೀತು. ಹೋದ ವರ್ಷ ಒಟ್ಟು ಮಳೆ ನೂರು ಇಂಚು ದಾಟ್ತು, ಹೂಮಳೆ ಮಾತ್ರ ಬರ್ಲಿಲ್ಲ. ಕಾಫಿ ಕಾಯಿ ಕಚ್ತಾ?”

ರುದ್ರಪ್ಪನವರು ತಮಗರಿವಿಲ್ಲದೆ ತಲೆಯಾಡಿಸಿದರು. ಹೂವರಳಿಸುವ ಆ ಒಂದು ಮಳೆ ತಪ್ಪಿ ಅವರ ಗಿಡಗಳೂ ಬರಿದಾಗಿದ್ದವು. ಹುಡುಗನ ಮಾತು ನ್ಯಾಯವೆನಿಸಿತು.

ಬಸ್ ಬಂತು. ಕೃತಿಕಾ ಮೆಟ್ಟಿಲೇರಿ ತಿರುಗಿದಳು.

“ಹೂಮಳೆ ನಂಗೂ ಬರ್ಲಿಲ್ಲ ಮಾರಾಯ. ನಾನು ಆಡಿದ್ದೂ ಅದೇ ಕಂಪ್ಯೂಟರು, ಅದೇ ತಿರುವು. ನಾನು ಮೊದ್ಲೇ ಬ್ರೇಕ್ ಹಾಕಿದ್ದೆ.”